ಡಬ್ಲಿನ್ನಿನ ಹಾಡುಮನೆಗಳಲ್ಲಿ

ಪಾನಗೃಹವೆಂಬ ಮಾತು ಕಿವಿಗೆ ಬಿದ್ದೊಡನೆಯೇ ಈ ಪತ್ರಿಕೆಯ ವಾಚಕರು, ಅದರಲ್ಲಿಯೂ ಗೃಹಿಣಿಯರು, ಹುಬ್ಬು ಗಂಟಿಕ್ಕುವರೆಂಬುದನ್ನು ನಾವು ಬಲ್ಲೆವು. ನಮ್ಮ ಮನೆಯಲ್ಲಿಯೂ ಹಾಗೆಯೇ ಆಯಿತು. ಐರ್ಲೆಂಡಿನ ರಾಜಧಾನಿಯಾದ ಡಬ್ಲಿನ್ ನಗರದಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗಳೂ ಅಳಿಯಂದಿರೂ ನಮ್ಮಿಬ್ಬರನ್ನು ಬೇಸಗೆಯ ಎರಡು ತಿಂಗಳಿಗೆಂದು ಕರೆಸಿಕೊಂಡಿದ್ದರು. ಒಂದು ದಿನ ಮಗಳು, "ಅಪ್ಪಾ, ಶುಕ್ರವಾರ ಸಂಜೆಗೆ ನಿಮ್ಮಿಬ್ಬರಿಗೂ ಟಿಕೆಟು ಕೊಂಡಿದ್ದೇನೆ. ಇಬ್ಬರು ವಾದ್ಯಗಾರರು ಮುಂದೆ ನಡೆದು, ಪಬ್ಬಿನಿಂದ ಪಬ್ಬಿಗೆ ಕರೆದುಕೊಂಡು ಹೋಗಿ, ಈ ನಾಡಿನ ಸಂಗೀತವನ್ನು ನುಡಿಸಿ ವಿವರಿಸಿ ಹೇಳುತ್ತಾರೆ" ಎಂದಳು. ನಮ್ಮ ಮನೆಯವರು ತುಸು ಹೊತ್ತು ಮಾತನಾಡಲಿಲ್ಲ. ಆಮೇಲೆ, "ಅರವತ್ತೆರಡು ವರ್ಷ ಕಳೆದ ಮೇಲೆ ಹೆಂಡದಂಗಡಿಯ ಹೊಸ್ತಿಲು ತುಳಿಯಬೇಕೇನೆ?" ಎಂದು ಕೇಳಿದರು. ಮಗಳು ನಕ್ಕು, "ಅಲ್ಲಿ ಕುಡಿಯಲೇಬೇಕೆಂದು ಯಾರೂ ಬಲವಂತ ಮಾಡುವುದಿಲ್ಲಮ್ಮ, ಹಾಡುವಾಗ ಮಾತಾಡಬಾರದೆಂದು ಮಾತ್ರ ಬಲವಂತ ಮಾಡುತ್ತಾರೆ" ಎಂದಳು. ಈ ಉತ್ತರವು ಅವರಿಗೆ ಒಪ್ಪಿತವಾಯಿತು. ಕೊಟ್ಟ ಹಣ ವ್ಯರ್ಥವಾಗಬಾರದೆಂಬ ನಮ್ಮ ಗೃಹಸ್ಥಧರ್ಮವೂ ಮಗಳಿಗೆ ಸಹಾಯವಾಯಿತು.

ಜೂನ್ ತಿಂಗಳಿನಲ್ಲಿ ಆ ನಾಡಿನಲ್ಲಿ ರಾತ್ರಿ ಹತ್ತು ಗಂಟೆ ಸಮೀಪಿಸುವವರೆಗೂ ಸೂರ್ಯನು ಮುಳುಗುವುದಿಲ್ಲ. ನಾವು ಮನೆ ಬಿಟ್ಟಾಗ ಏಳು ಗಂಟೆಯಾಗಿದ್ದರೂ ನಮ್ಮೂರಿನ ನಾಲ್ಕು ಗಂಟೆಯ ಬಿಸಿಲಿತ್ತು. ಲಿಫಿ ನದಿಯ ದಂಡೆಗೆ ಬಂದಾಗ ಪಡುವಣ ಗಾಳಿಯೊಡನೆ ಏನನ್ನೋ ಹುರಿಯುವ ಪರಿಮಳವು ತೇಲಿಬಂದಿತು. ನಮ್ಮ ಮನೆಯವರು ಮೂಗರಳಿಸಿ, "ಯಾರೋ ಹುರಿಹಿಟ್ಟಿಗೆ ಹುರಿಯುತ್ತಿದ್ದಾರೆ" ಎಂದರು. ಅದು ಹುರಿಹಿಟ್ಟಲ್ಲ, ಆರ್ಥರ್ ಗಿನೆಸ್ ಎಂಬಾತನು ೧೭೫೯ರಲ್ಲಿ ವರ್ಷಕ್ಕೆ ೪೫ ಪೌಂಡುಗಳಂತೆ ೯,೦೦೦ ವರ್ಷಗಳ ಗುತ್ತಿಗೆಯನ್ನು ಬರೆಸಿಕೊಂಡು ನಡೆಸಿದ ಕಪ್ಪು ಬಿಯರಿನ ಕಾರ್ಖಾನೆಯಲ್ಲಿ ಹುರಿಯುವ ಬಾರ್ಲಿಯ ವಾಸನೆ. ಈ ಸಂಗತಿಯನ್ನು ಆಗಲೇ ಹೇಳಿದರೆ ಪಯಣವು ಅಲ್ಲಿಗೇ ನಿಂತೀತೆಂದು ನಾವು ಸುಮ್ಮನಿದ್ದೆವು. ೧೮೧೬ರಲ್ಲಿ ಕಟ್ಟಿದ ಕಬ್ಬಿಣದ ಕಾಲುಸೇತುವೆಯೊಂದು ಅಲ್ಲಿದೆ. ದಾಟುವವರಿಂದ ಅರ್ಧ ಪೆನ್ನಿಯ ಸುಂಕ ಪಡೆಯುತ್ತಿದ್ದುದರಿಂದ ಜನರು ಅದನ್ನು ಇಂದಿಗೂ ಅರ್ಧ ಪೆನ್ನಿಯ ಸೇತುವೆಯೆಂದೇ ಕರೆಯುತ್ತಾರೆ. ಅದನ್ನು ದಾಟಿದರೆ ಕಲ್ಲು ಹಾಸಿದ ಓಣಿಗಳ ಟೆಂಪಲ್ ಬಾರ್ ಎಂಬ ಕೇರಿ. ಕಳೆದ ಶತಮಾನದ ಎಂಬತ್ತರ ದಶಕದಲ್ಲಿ ಇದನ್ನೆಲ್ಲ ಕೆಡವಿ ಬಸ್ಸುಗಳ ನಿಲ್ದಾಣ ಕಟ್ಟಬೇಕೆಂಬ ಯೋಜನೆಯಿತ್ತು. ಕೆಡಹುವ ದಿನ ಬರುವವರೆಗೆ ಮನೆಗಳನ್ನು ಅಗ್ಗದ ಬಾಡಿಗೆಗೆ ಕೊಟ್ಟರು. ಚಿತ್ರಗಾರರೂ ಹಾಡುಗಾರರೂ ಬಂದು ನೆಲೆಸಿದರು. ಅವರಿಂದ ಕೇರಿಗೆ ಕಳೆ ಬಂದು, ಕೆಡಹುವ ಮಾತೇ ನಿಂತುಹೋಯಿತು.

ಸಂಚಾರವು ಆರಂಭವಾಗುವುದು ಆಲಿವರ್ ಸೇಂಟ್ ಜಾನ್ ಗೋಗರ್ಟಿಯವರ ಹೆಸರಿನ ಪಬ್ಬಿನ ಮಹಡಿಯಲ್ಲಿ. ಈ ಮಹಾಶಯರು ವೈದ್ಯರೂ ಕವಿಗಳೂ ಆಗಿದ್ದು, ೧೯೨೪ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕವಿತೆಗಾಗಿ ಕಂಚಿನ ಪದಕವನ್ನು ಪಡೆದವರು. ಜೇಮ್ಸ್ ಜಾಯ್ಸ್ ೧೯೨೨ರಲ್ಲಿ ಪ್ರಕಟಿಸಿದ ಯುಲಿಸಿಸ್ ಕಾದಂಬರಿಯ ಒಂದು ಪಾತ್ರಕ್ಕೆ ಇವರೇ ಮೂಲವೆಂದು ಪ್ರಸಿದ್ಧಿ. ಕೆಳಗಿನ ಅಂತಸ್ತಿನಲ್ಲಿ ಜಾತ್ರೆಯ ಗದ್ದಲ. ಮರದ ಮೆಟ್ಟಿಲೇರಿ ಹೋದರೆ ಮೂವತ್ತು ನಲವತ್ತು ಜನ ಕೂಡಬಹುದಾದ ಒಂದು ಕೋಣೆ. ಹೊಗೆಯ ಭಯವಿದ್ದ ನಮ್ಮ ಮನೆಯವರಿಗೆ ಅಲ್ಲಿ ಒಂದು ಬೀಡಿಯ ವಾಸನೆಯೂ ತಾಗಲಿಲ್ಲ. ೨೦೦೪ರ ಮಾರ್ಚ್ ತಿಂಗಳಿನಿಂದ ಆ ದೇಶದ ಪಬ್ಬುಗಳ ಒಳಗೆ ಧೂಮಪಾನವನ್ನು ಕಾನೂನೇ ನಿಷೇಧಿಸಿದೆ. ನಾವು ಕೆಂಪು ಬಣ್ಣದ ಲೆಮನೇಡನ್ನು ಕೇಳಿ ತರಿಸಿಕೊಂಡೆವು. ಯಾರೂ ನಮ್ಮ ಲೋಟದ ಕಡೆಗೆ ತಿರುಗಿಯೂ ನೋಡಲಿಲ್ಲ.

ಮುಂದಾಳುಗಳಾಗಿ ಬಂದವರು ಇಬ್ಬರು: ಪಿಟೀಲು ಹಿಡಿದ ಒಬ್ಬ ನಡುವಯಸ್ಸಿನ ಹೆಂಗಸು, ಕೊಳಲೂ ಚರ್ಮವಾದ್ಯವೂ ಬಲ್ಲ ಒಬ್ಬ ತರುಣ. ಭಾಷಣವಿಲ್ಲ, ಪೀಠಿಕೆಯಿಲ್ಲ; ಕುಳಿತೊಡನೆಯೇ ನುಡಿಸತೊಡಗಿದರು. ಒಂದು ಗತ್ತು ಮುಗಿಯಿತೆನ್ನುವಷ್ಟರಲ್ಲಿ ಉಸಿರು ಬಿಡದೆ ಮತ್ತೊಂದು, ಅದರ ಬಾಲ ಹಿಡಿದು ಮೂರನೆಯದು. ಅನಂತರ ಆಕೆ ಬಿಲ್ಲನ್ನು ತೊಡೆಯ ಮೇಲಿರಿಸಿ, ಈಗ ಕೇಳಿದುದೇನೆಂಬುದನ್ನು ವಿವರಿಸಿದಳು. ಅವರ ಕುಣಿತದ ಗತ್ತುಗಳಲ್ಲಿ ಸಾಮಾನ್ಯವಾಗಿ ಎರಡು ಭಾಗ. ಒಂದೊಂದು ಭಾಗವೂ ಎಂಟು ಆವರ್ತ. ಒಂದೊಂದನ್ನೂ ಎರಡೆರಡು ಸಲ ನುಡಿಸಬೇಕು. ಹೀಗೆ ಮೂವತ್ತೆರಡು ಆವರ್ತಗಳಿಗೆ ಒಂದು ಗತ್ತು ಪೂರ್ಣವಾಗುತ್ತದೆ. ಅದನ್ನೇ ಎರಡು ಮೂರು ಸಲ ತಿರುಗಿಸಿ, ನಿಲ್ಲಿಸದೆ ಮುಂದಿನದಕ್ಕೆ ಹಾರುವುದು ವಾಡಿಕೆ. ಜಿಗ್ ಎಂಬುದು ಮೂರರ ನಡೆ. ರೀಲ್ ಎಂಬುದು ನಾಲ್ಕರ ನಡೆ. ಆಕೆ ಇದನ್ನು ತಿಳಿಸಲು ಇಂಗ್ಲಿಷಿನಲ್ಲಿ ಏನೋ ಪದಗಳನ್ನು ಹುಡುಕುತ್ತಿರುವಾಗಲೇ ನಮ್ಮ ಮನೆಯವರು ಬೆರಳೆಣಿಸುತ್ತ, "ತಕಿಟ ತಕಿಟ ಒಂದು, ತಕಧಿಮಿ ತಕಧಿಮಿ ಇನ್ನೊಂದು, ಇಷ್ಟೇ ತಾನೆ?" ಎಂದು ನಮ್ಮ ಕಿವಿಯಲ್ಲಿ ಹೇಳಿದರು. ಒಂಬತ್ತರ ಎಣಿಕೆಯ ಸ್ಲಿಪ್ ಜಿಗ್ ಬಂದಾಗ ಅವರ ಬೆರಳುಗಳು ತಾವಾಗಿಯೇ ಮೂರು ತಕಿಟಗಳನ್ನು ಹಾಕಿದುವು. ಹೆಂಡದಂಗಡಿಯ ಭಯವು ಅಷ್ಟರಲ್ಲಿ ಬಹುಮಟ್ಟಿಗೆ ಕಳೆದಿತ್ತು.

ಇನ್ನೂ ಕೆಲವು ಸಾದೃಶ್ಯಗಳು ನಮಗೆ ಅಚ್ಚರಿ ತಂದುವು. ಯೂರೋಪಿನ ದೊಡ್ಡ ವಾದ್ಯಮೇಳಗಳಲ್ಲಿ ಹತ್ತು ವಾದ್ಯಗಳು ಹತ್ತು ದಾರಿಯಲ್ಲಿ ನಡೆದು ಒಂದು ನಾದವನ್ನು ಕಟ್ಟುತ್ತವೆ. ಇವರಲ್ಲಿ ಹಾಗಲ್ಲ, ಎಲ್ಲರೂ ಒಂದೇ ಧಾಟಿಯನ್ನು ಕೂಡಿ ನುಡಿಸುತ್ತಾರೆ. ವ್ಯತ್ಯಾಸವೆಲ್ಲ ಬೆರಳಿನ ಚಮತ್ಕಾರದಲ್ಲಿ: ಒಂದು ಸ್ವರವನ್ನು ಅದರ ಮೇಲಿನದಕ್ಕೂ ಕೆಳಗಿನದಕ್ಕೂ ಮುಟ್ಟಿಸಿ ಹೊರಳಿಸುವುದು, ಚಿಟಿಕೆಯಷ್ಟು ತಡೆದು ಬಿಡುವುದು. ನಮ್ಮ ಗಮಕವಲ್ಲವಾದರೂ ಗಮಕದ ದೂರದ ನೆಂಟನೆನ್ನಬಹುದು. ಪಿಟೀಲಂತೂ ಇಬ್ಬರಿಗೂ ಹೊರಗಿನಿಂದ ಬಂದ ಸೊಸೆಯೇ. ನಾವು ಅದನ್ನು ನೆಲದ ಮೇಲೆ ಕುಳ್ಳಿರಿಸಿ, ಪಾದದ ಮೇಲೆ ತಲೆಯಿಡಿಸಿ, ರಾಗ ಕಲಿಸಿದೆವು. ನಮ್ಮ ಮೈಸೂರಿನ ಚೌಡಯ್ಯನವರು ಅದಕ್ಕೆ ಏಳು ತಂತಿಗಳನ್ನು ಹೂಡಿದರು. ಇವರು ಅದೇ ಪಿಟೀಲನ್ನು ಅಡಿಗೆಮನೆಯ ಒಲೆಯ ಮುಂದೆ ಕುಣಿಸಿದರು. ತರುಣನ ಕೈಯಲ್ಲಿದ್ದ ಚರ್ಮವಾದ್ಯಕ್ಕೆ ಬೌರಾನ್ ಎಂದು ಹೆಸರು. ಮರದ ಬಳೆಗೆ ಮೇಕೆಯ ಚರ್ಮವನ್ನು ಬಿಗಿದುದು; ನಮ್ಮ ತಮಟೆಯ ಒಡಹುಟ್ಟಿದಂತಿದೆ. ಎಡಗೈಯನ್ನು ಹಿಂದಿನಿಂದ ಚರ್ಮಕ್ಕೊತ್ತಿ ನಾದವನ್ನು ಏರಿಳಿಸುತ್ತ, ಬಲಗೈಯಲ್ಲಿ ಗೇಣುದ್ದದ ಕೋಲಿನಿಂದ ನುಡಿಸುತ್ತಾರೆ.

ಎರಡನೆಯ ಮನೆಗೆ ನಾವೆಲ್ಲರೂ ಮದುವೆಯ ದಿಬ್ಬಣದಂತೆ ಓಣಿಯಲ್ಲಿ ಸಾಲಾಗಿ ನಡೆದು ಹೋದೆವು. ಅದರ ಬಾಗಿಲ ಬದಿಯಲ್ಲಿ ಮರದ ಗೋಡೆಯಿಂದ ಮರೆಮಾಡಿದ ಪುಟ್ಟ ಗೂಡೊಂದಿತ್ತು. ಇದಕ್ಕೆ ಸ್ನಗ್ ಎಂದು ಹೆಸರು. ಹಿಂದಿನ ಕಾಲದಲ್ಲಿ ಹೆಂಗಸರು ಪಬ್ಬಿಗೆ ಬಂದರೆ ಗಂಡಸರ ಕಣ್ಣಿಗೆ ಬೀಳದಂತೆ ಇದರೊಳಗೆ ಕೂರಬೇಕಾಗಿತ್ತು. ಬಹುಕಾಲ ಅನೇಕ ಮನೆಗಳು ಹೆಂಗಸರಿಗೆ ದೊಡ್ಡ ಲೋಟದಲ್ಲಿ ಬಿಯರು ಕೊಡಲು ಒಪ್ಪುತ್ತಿರಲಿಲ್ಲ. ೨೦೦೦ದ ಸಮಾನತೆಯ ಕಾನೂನು ಅಂಥ ಭೇದವನ್ನು ನಿಷೇಧಿಸಿತು. ಈಗ ಮಕ್ಕಳೂ ತಂದೆತಾಯಿಗಳೊಡನೆ ಬರಬಹುದು. ಸಾಮಾನ್ಯವಾಗಿ ರಾತ್ರಿ ೯ ಗಂಟೆಯವರೆಗೆ, ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ೧೦ ಗಂಟೆಯವರೆಗೆ. ಪಬ್ ಎಂಬುದು ಪಬ್ಲಿಕ್ ಹೌಸ್ ಎಂಬುದರ ಮೊಟಕು. ಎಂದರೆ ಎಲ್ಲರ ಮನೆ. ನಮ್ಮಲ್ಲಿ ಅರಳಿಕಟ್ಟೆಯಲ್ಲಿ ನಡೆಯುವ ಹರಟೆ, ನ್ಯಾಯ, ಸಂತಾಪ, ಸಂಬಂಧದ ಮಾತುಕತೆ, ಎಲ್ಲವೂ ಮಳೆ ನಿಲ್ಲದ ಆ ನಾಡಿನಲ್ಲಿ ಸೂರಿನ ಕೆಳಗೆ ನಡೆಯಬೇಕಾಯಿತು. ಹಾಗೆಂದು ಮದ್ಯವು ಅಲ್ಲಿ ಮನೆಗಳನ್ನು ಮುರಿದಿಲ್ಲವೆಂದು ಯಾರೂ ಹೇಳರು. ೧೮೩೮ರಲ್ಲಿ ಫಾದರ್ ಮ್ಯಾಥ್ಯೂ ಎಂಬ ಪಾದ್ರಿಯು ಪಾನನಿರೋಧದ ಪ್ರಚಾರವನ್ನು ಕೈಕೊಂಡಾಗ ಲಕ್ಷಗಟ್ಟಲೆ ಜನರು ಕುಡಿಯೆವೆಂದು ಪ್ರತಿಜ್ಞೆ ಮಾಡಿದರಂತೆ. ಆತನ ಶಿಲಾಪ್ರತಿಮೆಯು ನಗರದ ಹಿರಿಯ ಬೀದಿಯಲ್ಲಿ ಇಂದಿಗೂ ನಿಂತಿದೆ.

ಈ ಎರಡನೆಯ ಮನೆಯಲ್ಲಿ ಆ ಹೆಂಗಸು ಹೇಳಿದ ಸಂಗತಿಯೊಂದು ನಮ್ಮ ಎಣಿಕೆಯನ್ನು ತಲೆಕೆಳಗು ಮಾಡಿತು. ಈ ಸಂಗೀತವು ಅನಾದಿಯಿಂದಲೂ ಪಬ್ಬುಗಳಲ್ಲಿಯೇ ಹುಟ್ಟಿ ಬೆಳೆದುದೆಂದು ನಾವು ಭಾವಿಸಿದ್ದೆವು. ಹಾಗಲ್ಲವಂತೆ. ಅದು ಹಳ್ಳಿಯ ಅಡಿಗೆಮನೆಗಳಲ್ಲಿ, ದಾರಿಗಳು ಕೂಡುವ ಬಯಲಿನಲ್ಲಿ ಇದ್ದ ಸಂಗೀತ. ೧೮೪೫ರಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ ಬಂದ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನರು ಸತ್ತರು. ಅಷ್ಟೇ ಮಂದಿ ಹಡಗು ಹತ್ತಿದರು. ಹಾಡುವವರೂ ಕೇಳುವವರೂ ಕೂಡಿಯೇ ಹೋದರು. ೧೯೩೫ರಲ್ಲಿ ಸಾರ್ವಜನಿಕ ನೃತ್ಯಗಳಿಗೆ ಪರವಾನಗಿ ಬೇಕೆಂಬ ಕಾನೂನು ಬಂದಿತು; ಪಾದ್ರಿಗಳೂ ಪೋಲೀಸರೂ ಕೂಡಿ ಮನೆಯ ಕುಣಿತಗಳ ಮೇಲೆ ಕಣ್ಣಿಟ್ಟರು; ಅಡಿಗೆಮನೆಯ ಪಿಟೀಲು ಗೂಟಕ್ಕೆ ಏರಿತು. ಎರಡನೆಯ ಮಹಾಯುದ್ಧದ ತರುವಾಯ ಲಂಡನ್ನಿಗೆ ಕೂಲಿಗೆಂದು ಹೋದ ಐರಿಷ್ ಜನರಿಗೆ ಅಡಿಗೆಮನೆಯೆಲ್ಲಿ ಬಂತು? ಬಾಡಿಗೆಯ ಕೋಣೆಯಲ್ಲಿ ನುಡಿಸಿದರೆ ಮನೆಯೊಡತಿಯು ಗದರುವಳು. ಅವರು ಸಂಜೆ ಪಬ್ಬುಗಳ ಮೂಲೆಯಲ್ಲಿ ಸುತ್ತಲೂ ಕುಳಿತು ನುಡಿಸತೊಡಗಿದರು. ಈಗ ಸೆಷನ್ ಎಂದು ಪ್ರಸಿದ್ಧವಾಗಿರುವ ಪಬ್ಬಿನ ಗೋಷ್ಠಿಯು ಬೆಳೆದುದು ಹೆಚ್ಚಾಗಿ ಹೀಗೆ. ೧೯೫೧ರಲ್ಲಿ ಕೊಲ್ತಸ್ ಎಂಬ ಸಂಗೀತಸಂಸ್ಥೆ ಸ್ಥಾಪಿತವಾಗಿ ಊರೂರಲ್ಲಿ ಪಾಠವೂ ಮೇಳಗಳೂ ನಡೆದುವು. ೧೯೬೨ರಲ್ಲಿ ಡಬ್ಲಿನ್ನಿನ ಓ'ಡೊನಹ್ಯೂ ಪಬ್ಬಿನಲ್ಲಿ ಹಾಡುತ್ತಿದ್ದ ಕೆಲವರು 'ಡಬ್ಲಿನರ್ಸ್' ಎಂಬ ಹೆಸರಿನಿಂದ ಲೋಕಪ್ರಸಿದ್ಧರಾದರು. ಮನೆ ಕಳೆದುಕೊಂಡ ಸಂಗೀತಕ್ಕೆ ಪಾನಗೃಹವು ಆಶ್ರಯ ಕೊಟ್ಟಿತು. ಆಶ್ರಯಕ್ಕೆ ಬಂದವರೇ ಮನೆಗೆ ಹೆಸರು ತಂದರು.

ಆ ಕಾಲದಲ್ಲಿ ಇಲ್ಲನ್ ಪೈಪ್ಸ್ ಎಂಬ ವಾದ್ಯವು ನಂದಿಹೋಗುವುದರಲ್ಲಿತ್ತು. ಇಲ್ಲನ್ ಎಂದರೆ ಮೊಣಕೈ. ಬಾಯಿಂದ ಊದದೆ, ಒಂದು ಕಂಕುಳಿನಲ್ಲಿ ತಿದಿಯನ್ನು ಒತ್ತಿ, ಇನ್ನೊಂದು ಕಂಕುಳಿನ ಚೀಲಕ್ಕೆ ಗಾಳಿ ತುಂಬಿ ನುಡಿಸುವುದು; ಶ್ರುತಿ ಹಿಡಿಯುವ ಕೊಳವೆಗಳು ಬೇರೆ. ನಮ್ಮ ಓಲಗದವರ ಶ್ರುತಿಯನ್ನೂ ನಾಗಸ್ವರವನ್ನೂ ಒಬ್ಬನೇ ಹೊತ್ತಂತೆ. ಅದನ್ನು ಕಲಿಯಲು ಏಳು, ಸಾಧಿಸಲು ಏಳು, ನುಡಿಸಲು ಏಳು, ಹೀಗೆ ೨೧ ವರ್ಷ ಬೇಕೆಂದು ಅವರಲ್ಲಿ ಗಾದೆ. ೧೯೬೮ರಲ್ಲಿ ಅದರ ವಾದಕರು ಸಂಘ ಕಟ್ಟಿಕೊಂಡಾಗ ಬಲ್ಲವರು ನೂರು ಮಂದಿಯೂ ಇರಲಿಲ್ಲ. ೨೦೧೭ರಲ್ಲಿ ಯುನೆಸ್ಕೋ ಅದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಷ್ಟನ್ನು ಕೇಳುವಾಗ ನಮಗೆ ಕನ್ನಡಿಗರ ಮೇಲಿರುವ ಈ ನಾಡಿನ ಋಣವೊಂದು ನೆನಪಾಯಿತು. ಬೆಲ್‌ಫಾಸ್ಟಿನಲ್ಲಿ ಹುಟ್ಟಿ ೧೯೧೫ರಲ್ಲಿ ಭಾರತಕ್ಕೆ ಬಂದ ಜೇಮ್ಸ್ ಕಸಿನ್ಸ್ ಎಂಬ ಕವಿಗಳು ೧೯೨೪ರಲ್ಲಿ ಮೈಸೂರಿನಲ್ಲಿದ್ದಾಗ, ತರುಣ ವಿದ್ಯಾರ್ಥಿಯೊಬ್ಬನು ತನ್ನ ಇಂಗ್ಲಿಷ್ ಕವಿತೆಗಳನ್ನು ಅವರಿಗೆ ತೋರಿಸಿದನು. ಅವರು ಓದಿ, ನಿನ್ನ ತಾಯಿನುಡಿಯಲ್ಲಿ ಏಕೆ ಬರೆಯಬಾರದೆಂದು ಕೇಳಿದರು. ಆ ವಿದ್ಯಾರ್ಥಿಯೇ ಮುಂದೆ ಕುವೆಂಪು ಆದರು. ಕಸಿನ್ಸರ ಪತ್ನಿ ಮಾರ್ಗರೆಟ್ ಅವರು ಡಬ್ಲಿನ್ನಿನಲ್ಲಿ ಸಂಗೀತ ಕಲಿತವರು. ೧೯೧೯ರಲ್ಲಿ ಮದನಪಲ್ಲಿಯಲ್ಲಿ ರವೀಂದ್ರನಾಥ ಠಾಕೂರರ ಬಾಯಿಂದ ಕೇಳಿದ 'ಜನಗಣಮನ'ದ ಧಾಟಿಯನ್ನು ಸ್ವರಲಿಪಿಯಲ್ಲಿ ಬರೆದಿಟ್ಟವರು ಅವರೇ. ಸ್ವಂತ ನುಡಿಯ ಬಳಕೆಯನ್ನು ಬಹುಮಟ್ಟಿಗೆ ಕಳೆದುಕೊಂಡ ನಾಡಿನಿಂದ ಬಂದವರಿಗೆ ನಮ್ಮ ನುಡಿಯ ಬೆಲೆ ನಮಗಿಂತ ಮೊದಲು ಕಂಡಿತೆಂದರೆ ಅದರಲ್ಲಿ ಸೋಜಿಗವೇನು?

ಮೂರನೆಯ ಮನೆಯ ಒಳಕೋಣೆಯಲ್ಲಿ, ಬಂದವರೆಲ್ಲರೂ ತಮ್ಮ ತಮ್ಮ ನಾಡಿನ ಒಂದು ಹಾಡನ್ನು ಹಾಡಬೇಕೆಂದು ಮುಂದಾಳುಗಳು ಕೇಳಿಕೊಂಡರು. ಅಮೆರಿಕದ ವೃದ್ಧ ದಂಪತಿಗಳು ಹಾಡಿದರು. ಜರ್ಮನಿಯ ಹುಡುಗನೊಬ್ಬನು ನಾಚುತ್ತ ಒಂದು ನುಡಿ ಹಾಡಿದನು. ಕಡೆಗೆ ಎಲ್ಲರ ಕಣ್ಣುಗಳೂ ನಮ್ಮ ಕಡೆಗೆ ಬಿದ್ದುವು. ನಮ್ಮ ಕಂಠದ ಯೋಗ್ಯತೆಯನ್ನು ಬಲ್ಲ ನಮ್ಮ ಮನೆಯವರು, ಇನ್ನು ತಾವು ಹಾಡದಿದ್ದರೆ ನಾಡಿಗೆ ಅವಮಾನವಾಗುವುದೆಂದು ತಿಳಿದರೋ ಏನೋ, ಸೆರಗನ್ನು ಸರಿಪಡಿಸಿಕೊಂಡು ಹಸೆಗೆ ಕರೆಯುವ ಹಾಡೊಂದನ್ನು ತೆಗೆದರು. ನಮ್ಮ ತಾಯಿಯವರು ಮದುವೆಯ ಮನೆಗಳಲ್ಲಿ ಹಾಡುತ್ತಿದ್ದ ಹಾಡು. ನಮ್ಮ ಮದುವೆಯಲ್ಲಿಯೂ ಅದನ್ನೇ ಹಾಡಿ ನಮ್ಮನ್ನು ಹಸೆಮಣೆಗೆ ಕರೆದಿದ್ದರು. ಕೋಣೆ ನಿಶ್ಶಬ್ದವಾಯಿತು. ಮೊದಲನೆಯ ನುಡಿ ಬಂದಿತು, ಎರಡನೆಯದೂ ಬಂದಿತು, ಮೂರನೆಯದರ ಮೊದಲ ಮಾತನ್ನು ಹಿಡಿದು ಅವರು ನಿಂತರು. ಮತ್ತೆ ಎರಡನೆಯದರ ಕೊನೆಯಿಂದ ಎತ್ತಿಕೊಂಡರು. ಮತ್ತೆ ಅಲ್ಲಿಯೇ ನಿಂತರು. "ಮರೆತುಹೋಗಿದೆ" ಎಂದು ಕನ್ನಡದಲ್ಲಿಯೇ ಹೇಳಿ ತಲೆ ತಗ್ಗಿಸಿದರು.

ಯಾರೂ ಚಪ್ಪಾಳೆ ತಟ್ಟಿ ಸಮಾಧಾನ ಹೇಳಲು ಹೋಗಲಿಲ್ಲ. ಪಿಟೀಲಿನ ಹೆಂಗಸು ಮಾತಿಲ್ಲದೆ ಬಿಲ್ಲನ್ನೆತ್ತಿ, ಕೇಳಿದ ಧಾಟಿಯನ್ನು ಮೊದಲಿನಿಂದ ನುಡಿಸಿದಳು. ಒಂದು ಕಡೆ ಸ್ವರ ತಪ್ಪಿತು. ನಮ್ಮ ಮನೆಯವರು ತಲೆಯೆತ್ತಿ ಆ ಜಾಗವನ್ನು ಗುನುಗಿ ತಿದ್ದಿದರು. ಎರಡನೆಯ ಸಲ ಆಕೆ ಸರಿಯಾಗಿ ನುಡಿಸಿದಳು. ಕೋಣೆಯಲ್ಲಿದ್ದವರೆಲ್ಲ ಮಾತಿಲ್ಲದ ಕಂಠದಿಂದ ಕೂಡಿಕೊಂಡರು. ಆಮೇಲೆ ಆಕೆ ಹೇಳಿದಳು: "ಮರೆತುದಕ್ಕೆ ನಾಚಬೇಡಿ. ನಮ್ಮ ಗೋಷ್ಠಿಯಲ್ಲಿ ಒಬ್ಬರಿಗೆ ಎರಡನೆಯ ಭಾಗ ಮರೆತಿದ್ದರೆ ಪಕ್ಕದವರಿಗೆ ನೆನಪಿರುತ್ತದೆ. ಅದಕ್ಕಾಗಿಯೇ ನಾವು ಸುತ್ತಲೂ ಕೂರುವುದು. ಈ ಹಾಡಿನ ಮೂರನೆಯ ನುಡಿ ಬಲ್ಲವರು ನಿಮ್ಮ ಪಕ್ಕದಲ್ಲಿ ಯಾರಿದ್ದಾರೆ?" ಆಕೆ ಕೇಳಿದುದು ಸಹಜವಾದ ಕುತೂಹಲದಿಂದ. ನಮ್ಮ ಮನೆಯವರು ನಮ್ಮ ಮುಖವನ್ನು ನೋಡಿದರು. ನಾವು ಲೆಮನೇಡಿನ ಲೋಟವನ್ನು ನೋಡಿದೆವು.

ಅದಕ್ಕೆ ಕಾರಣವಿತ್ತು. ನಮ್ಮ ತಾಯಿಯವರಿಗೆ ಹಾಡಿನ ಪುಸ್ತಕವೊಂದಿತ್ತು. ಹಳೆಯ ಲೆಕ್ಕದ ಪುಸ್ತಕದಲ್ಲಿ, ಗುಂಡಾದ ಅಕ್ಷರಗಳಲ್ಲಿ, ಆರತಿಯಿಂದ ಉರುಟಣೆಯವರೆಗೆ ನೂರಾರು ಹಾಡುಗಳನ್ನು ಅವರು ಬರೆದಿಟ್ಟಿದ್ದರು. ಅವರು ತೀರಿಕೊಂಡು, ನಾವು ಹಾಸನದ ಮನೆಯನ್ನು ಖಾಲಿಮಾಡಿ ಬೆಂಗಳೂರಿಗೆ ಹೊರಟಾಗ, ಹಳೆಯ ಕಾಗದದವನ ತಕ್ಕಡಿಗೆ ಪಂಚಾಂಗಗಳೊಡನೆ ಆ ಪುಸ್ತಕವನ್ನೂ ಹಾಕಿದವರು ನಾವೇ. ತಿಳಿಯದೆ ಹಾಕಿದೆವೆನ್ನಲಾರೆವು, ಬಿಡಿಸಿ ನೋಡಿ, ಇನ್ನು ಇದನ್ನು ಯಾರು ಹಾಡುವರೆಂದುಕೊಂಡು ಹಾಕಿದೆವು. ಅದು ಎಲ್ಲಿ ಹೋಯಿತೆಂದು ನಮ್ಮ ಮನೆಯವರು ಅನೇಕ ಸಲ ಹುಡುಕಿದುದುಂಟು. ನಾವು ಬಾಯಿ ಬಿಟ್ಟಿರಲಿಲ್ಲ. ಹಿಂದಿರುಗುವಾಗ, ಬೆಳಕು ಇನ್ನೂ ಪೂರ್ತಿ ಆರದಿದ್ದ ಅರ್ಧ ಪೆನ್ನಿಯ ಸೇತುವೆಯ ಮೇಲೆ ನಿಂತು, ನಡೆದುದನ್ನು ಹೇಳಿದೆವು. ಅವರು ನೀರನ್ನು ನೋಡುತ್ತ, "ನನಗೆ ಆಗಲೇ ಗೊತ್ತಿತ್ತು, ಕಾಗದದವನು ಕಟ್ಟು ಕಟ್ಟುವಾಗ ಅದರ ಕೆಂಪು ರಟ್ಟು ಕಂಡಿತ್ತು. ನೀವೇ ಹೇಳಲಿ ಎಂದು ಸುಮ್ಮನಿದ್ದೆ. ಆದರೆ ಪುಸ್ತಕ ಇದೆಯಲ್ಲಾ ಎಂಬ ಧೈರ್ಯದಿಂದ ಬಾಯಿಪಾಠ ಬಿಟ್ಟವಳು ನಾನು" ಎಂದರು.

ಅಗಲುವ ಮೊದಲು ಆ ತರುಣನು, "ನಾವು ತೋರಿಸಿದುದು ಬಾಗಿಲು ಮಾತ್ರ. ಪರಊರಿನವರಿಗಾಗಿ ನುಡಿಸಿದೆವು, ಅದು ನಮ್ಮ ಜೀವನೋಪಾಯ. ಯಾರಿಗಾಗಿಯೂ ನುಡಿಸದ ಕಡೆಗೂ ಹೋಗಿಬನ್ನಿ" ಎಂದು ಹೇಳಿದ್ದನು. ಅದರಂತೆ ಭಾನುವಾರ ಮಧ್ಯಾಹ್ನ ಒಂಬತ್ತು ವರ್ಷದ ಮೊಮ್ಮಗನನ್ನೂ ಕರೆದುಕೊಂಡು ನದಿಯ ಬಡಗಣ ದಂಡೆಯಾಚೆ ಸ್ಮಿತ್‌ಫೀಲ್ಡಿನಲ್ಲಿರುವ ಕಾಬಲ್‌ಸ್ಟೋನ್ ಪಬ್ಬಿಗೆ ಹೋದೆವು. ಅಲ್ಲಿ ವೇದಿಕೆಯಿಲ್ಲ. ಬಾಗಿಲ ಪಕ್ಕದ ಮೂಲೆಯಲ್ಲಿ ಏಳೆಂಟು ಮಂದಿ ಒಂದು ಮೇಜಿನ ಸುತ್ತ ಒಬ್ಬರ ಮುಖ ಒಬ್ಬರು ನೋಡುತ್ತ, ನಮಗೆ ಬೆನ್ನು ಮಾಡಿ ಕುಳಿತು ನುಡಿಸುತ್ತಿದ್ದರು. ಎಪ್ಪತ್ತು ದಾಟಿದ ಮುದುಕರ ಪಕ್ಕದಲ್ಲಿ ಹದಿನಾರರ ಹುಡುಗಿ. ಆಕೆಗೆ ಗೊತ್ತಿಲ್ಲದ ಗತ್ತು ಬಂದಾಗ ಕೊಳಲನ್ನು ಮಡಿಲಲ್ಲಿಟ್ಟು ಕೇಳುವಳು. ಮೂರನೆಯ ಸುತ್ತಿಗೆ ಮೆಲ್ಲನೆ ಸೇರಿಕೊಳ್ಳುವಳು. ಇದೇ ಅವರ ಪಾಠಶಾಲೆ. ೨೦೨೧ರಲ್ಲಿ ಈ ಪಬ್ಬಿನ ಹಿಂದಿನ ಕೋಣೆಗಳ ಜಾಗವನ್ನೂ ಸೇರಿಸಿಕೊಂಡು ಬಹುಮಹಡಿಯ ಹೋಟೆಲು ಕಟ್ಟುವ ಯೋಜನೆಯೊಂದು ಬಂದಾಗ, ಜನರು ವಾದ್ಯಗಳನ್ನು ಹಿಡಿದು ಬೀದಿಯಲ್ಲಿ ಮೆರವಣಿಗೆ ಹೊರಟರು. ಆ ವರ್ಷದ ನವೆಂಬರಿನಲ್ಲಿ ನಗರಸಭೆಯು ಅನುಮತಿಯನ್ನು ನಿರಾಕರಿಸಿತು. ಒಂದು ಮೂಲೆಯ ಮೇಜಿಗಾಗಿ ಒಂದು ನಗರ ಎದ್ದು ನಿಂತಿತಲ್ಲಾ ಎಂದು ಶುಕ್ರವಾರಕ್ಕೆ ಮುಂಚೆ ಕೇಳಿದ್ದರೆ ನಾವು ನಗುತ್ತಿದ್ದೆವೋ ಏನೋ.

ಅಂದು ಅಳಿಯಂದಿರು ನಮಗೆ ಇನ್ನೊಂದು ಕಥೆ ಹೇಳಿದರು. ಕಾರ್ಕ್ ಸೀಮೆಯಲ್ಲಿ ೧೮೪೮ರಲ್ಲಿ ಹುಟ್ಟಿದ ಫ್ರಾನ್ಸಿಸ್ ಓ'ನೀಲ್ ಎಂಬಾತನು ದೇಶಾಂತರ ಹೋಗಿ, ೧೯೦೧ರಲ್ಲಿ ಶಿಕಾಗೋ ನಗರದ ಪೋಲೀಸ್ ಮುಖ್ಯಾಧಿಕಾರಿಯಾದನು. ಕೊಳಲು ಬಲ್ಲ ಆತನಿಗೆ ಸ್ವರಲಿಪಿ ಬಾರದು. ತಾಯ್ನಾಡಿನ ಗತ್ತುಗಳು ಯಾರ ಬಾಯಲ್ಲಿದ್ದರೂ ಕರೆಸಿ ಕೇಳುವನು, ತನ್ನ ನೆನಪಿನಲ್ಲಿದ್ದುದನ್ನು ಗುನುಗುವನು. ಜೇಮ್ಸ್ ಓ'ನೀಲ್ ಎಂಬ ಮತ್ತೊಬ್ಬ ಪೋಲೀಸನು ಬರೆದುಕೊಳ್ಳುವನು. ಹೀಗೆ ೧೯೦೩ರಲ್ಲಿ ೧,೮೫೦ ಗತ್ತುಗಳ ಪುಸ್ತಕ ಹೊರಬಂದಿತು. ತಾಯ್ನಾಡಿನಲ್ಲಿ ಮರೆತುದನ್ನು ಅನೇಕರು ಮರಳಿ ಕಲಿತುದು ಆ ಪೋಲೀಸರ ಪುಸ್ತಕದಿಂದ. ಆದರೆ ಪುಸ್ತಕವೊಂದೇ ಇದ್ದು ಮೇಜಿನ ಸುತ್ತ ಕೂರುವವರಿಲ್ಲದಿದ್ದರೆ ಅದೂ ಹಳೆಯ ಕಾಗದದ ತಕ್ಕಡಿಗೆ ಬೀಳುತ್ತಿತ್ತೆಂಬುದನ್ನು ನಮಗಿಂತ ಚೆನ್ನಾಗಿ ಬಲ್ಲವರಾರು?

ಮನೆಗೆ ಬಂದಾಗ ಅಲ್ಲಿ ನಾಲ್ಕು ಗಂಟೆ. ನಮ್ಮ ನಾಡಿನಲ್ಲಿ ರಾತ್ರಿ ಎಂಟೂವರೆ. ನಮ್ಮ ಮನೆಯವರು ಅರಕಲಗೂಡಿನಲ್ಲಿರುವ ತಮ್ಮ ಅಕ್ಕನವರಿಗೆ ಫೋನು ಮಾಡಿದರು. "ಅಕ್ಕಾ, ನಮ್ಮತ್ತೆಯವರು ಹೇಳಿಕೊಟ್ಟಿದ್ದ ಹಸೆಗೆ ಕರೆಯುವ ಹಾಡಿನ ಮೂರನೆಯ ನುಡಿ ನೆನಪಿದೆಯೇ?" ಎಂದು ಕೇಳಿದರು. ಅತ್ತಣಿಂದ ಎಂಬತ್ತರ ಸಮೀಪದ ನಡುಗುವ ಕಂಠವು, "ಮೊದಲನೆಯದು ಹೇಗೆ ಶುರುವಾಗುತ್ತದೋ ಮರೆತಿದೆ ಕಣೆ. ನೀನು ಎತ್ತಿಕೊಡು, ಮುಂದಿನದು ಬಂದರೂ ಬಂದೀತು" ಎಂದಿತು. ತಂಗಿ ಎರಡು ನುಡಿ ಹಾಡಿದರು. ಅಕ್ಕ ಮೂರನೆಯದನ್ನೂ ನಾಲ್ಕನೆಯದನ್ನೂ ಹಾಡಿದರು. ಐದನೆಯದು ಇಬ್ಬರಿಗೂ ಬರಲಿಲ್ಲ. ಅದನ್ನು ಬಲ್ಲವರು ಯಾರಿರಬಹುದೆಂದು ಇಬ್ಬರೂ ಬಹಳ ಹೊತ್ತು ನೆಂಟರ ಹೆಸರುಗಳನ್ನು ಎಣಿಸುತ್ತಿದ್ದರು.

ಅಷ್ಟರಲ್ಲಿ ಒಳಗಿನ ಕೋಣೆಯಿಂದ ಅದೇ ಧಾಟಿ ಕೇಳಿಬಂದಿತು. ಆ ನಾಡಿನ ಅನೇಕ ಶಾಲೆಗಳಲ್ಲಿ ಮಕ್ಕಳಿಗೆ ಆರು ರಂಧ್ರಗಳ ತಗಡಿನ ಕೊಳಲನ್ನು ಕಲಿಸುತ್ತಾರೆ. ನಮ್ಮ ಮೊಮ್ಮಗನು ಅಜ್ಜಿಯ ಹಾಡನ್ನು ಬಾಗಿಲ ಮರೆಯಿಂದ ಕೇಳಿ, ತಡವರಿಸುತ್ತ ನುಡಿಸುತ್ತಿದ್ದನು. ಒಂದು ಕಡೆ ತಪ್ಪಿತು. "ಅಲ್ಲಿ ಇಳಿಸಬೇಡ ಕಂದ, ಸ್ವಲ್ಪ ಹಿಡಿದು ಬಿಡು" ಎಂದು ಅಜ್ಜಿಯು ಒಳಗೆ ಹೋದರು. ನಾವು ಒಂದು ಕಾಗದವನ್ನು ತೆಗೆದುಕೊಂಡು, ದೊರೆತ ನಾಲ್ಕು ನುಡಿಗಳನ್ನು ಗುಂಡಾದ ಅಕ್ಷರಗಳಲ್ಲಿ ಬರೆದು, ಐದನೆಯದಕ್ಕೆ ಜಾಗ ಬಿಟ್ಟೆವು. ಹಾಸನದ ಸೀಮೆಯ ಹಸೆಯ ಹಾಡುಗಳನ್ನು ಬಲ್ಲ ವಾಚಕಿಯರು ಯಾರಾದರೂ ಇದ್ದರೆ, ನಮಗಾಗಿ ಬರೆದು ಕಳುಹಿಸುವುದಕ್ಕೆ ಮೊದಲು, ದಯಮಾಡಿ ತಮ್ಮ ಮನೆಯಲ್ಲಿ ಒಬ್ಬರ ಮುಂದೆ ಅದನ್ನು ಹಾಡಲಿ.